ಪಿಕಳಾರಗಳ ಜುಟ್ಟು, ನವಿಲರಾಯನ ಅಪ್ಪಣೆ

ಮಕ್ಕಳೇ, ಈ ಕತೆಯನ್ನು ನನಗೆ ಮೊದಲು ಹೇಳಿದವಳು ಮಹನಾಜ್. ಇರಾನಿನ ಶಿರಾಜ್ ಊರಿನವಳು, ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದಳು. ಆಗ ನನಗೆ ಅರ್ಧ ಅರ್ಥವಾಗಲಿಲ್ಲ. ಈಗಲೂ ಪೂರ್ತಿ ಆಗಿದೆ ಅಂತ ಹೇಳಲಾರೆ. ನೀವೇ ಕೇಳಿ ನೋಡಿ.

ಒಂದು ಕಾಡಿನ ಕೊಳದ ಸುತ್ತ ಪಿಕಳಾರಗಳಿದ್ದವು. ಬುಲ್‌ಬುಲ್ ಅಂತೀವಲ್ಲ, ತಲೆಯ ಮೇಲೆ ಕಪ್ಪು ಜುಟ್ಟು, ಅವೇ. ಆ ಕಾಡಿಗೆ ನವಿಲರಾಯ ರಾಜ. ಒಂದು ವರ್ಷ ಮಳೆ ತಡವಾಯಿತು. ನವಿಲರಾಯ ಡಂಗುರ ಹೊಡೆಸಿದ: "ಹೆಣ್ಣು ಪಿಕಳಾರಗಳ ಜುಟ್ಟು ಕಂಡು ಮೋಡ ನಾಚಿ ಓಡುತ್ತಿದೆ. ಇಂದಿನಿಂದ ಹೆಣ್ಣುಗಳೆಲ್ಲ ಜುಟ್ಟಿನ ಮೇಲೆ ಎಲೆ ಕಟ್ಟಬೇಕು!"

"ಗಂಡುಗಳ ಜುಟ್ಟು ಕಂಡರೆ?" ಎಂದು ಕೇಳಿತು ಒಂದು ಪಿಕಳಾರ.

"ಮೋಡ ಅದನ್ನು ನೋಡುವುದಿಲ್ಲ."

ಅದು ಹೇಗೆ? ನಾನೂ ಮಹನಾಜಳನ್ನು ಕೇಳಿದೆ. "ನಮ್ಮ ದೇಶದಲ್ಲಿ ನಮಗೂ ಯಾರೂ ಹೇಳಲಿಲ್ಲ ಕಣೇ," ಎಂದಳು.

ಸರಿ, ಹೆಣ್ಣುಗಳು ಜೇಡರ ಬಲೆಯ ಎಳೆಯಿಂದ ಎಲೆ ಬಿಗಿದುಕೊಂಡವು. ಕಾಗೆ ದಫೇದಾರನೂ ಅವನ ಪಡೆಯೂ ಕಾವಲಿಗೆ ನಿಂತರು. ಒಂದು ದಿನ ಮಿಟುಕಿ ಎಂಬ ಚಿಕ್ಕ ಪಿಕಳಾರ ಹಣ್ಣು ಕುಕ್ಕುವಾಗ ಅವಳ ಎಲೆ ಒಂದಿಷ್ಟು ಜಾರಿತು. ಅಷ್ಟಕ್ಕೇ ಕಾಗೆಗಳು ಅವಳ ರೆಕ್ಕೆ ಹಿಡಿದು ಎಳೆದುಕೊಂಡು ಹೋಗಿ ಮುಳ್ಳಿನ ಪೊದೆಯೊಳಗೆ ತಳ್ಳಿದವು.

ಅವಳ ಅಕ್ಕ ತುರಾಯಿ ಓಡಿ ಬಂದಳು. "ದಫೇದಾರಣ್ಣ, ಅವಳನ್ನು ಬಿಡಿ!"

"ಎಲೆ ಕಟ್ಟೋದು ಕಲಿಸಿ ಕಳಿಸ್ತೀವಮ್ಮ. ಹೆದರಬೇಡ."

ಹೋದ ವಾರ ಕಲಿಯಲು ಹೋದ ಇಬ್ಬರು ಹಿಂತಿರುಗಿರಲಿಲ್ಲ. ತುರಾಯಿಗೆ ಅದು ಗೊತ್ತಿತ್ತು. ಕೊಳದ ನಡುವಿನ ಬಂಡೆಯ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಂತೆ ತನ್ನ ಎಲೆ ಕಿತ್ತು ನೀರಿಗೆ ಬಿಟ್ಟಳು. ಪಕ್ಕದವಳೂ ಕಿತ್ತಳು. ಆಮೇಲೆ ಎಣಿಸಲಾಗದಷ್ಟು ಎಲೆಗಳು ನೀರಿಗೆ ಬಿದ್ದವು. ಗಂಡುಗಳೂ ಬಂದು ನಡುವೆ ನಡುವೆ ಕೂತವು.

ಕಾಗೆಗಳು ಹಾರಿ ಬಂದವು. ಬಂದು ಒಂದೊಂದೇ ಜುಟ್ಟನ್ನು ಬಗ್ಗಿ ಬಗ್ಗಿ ನೋಡಿದವು. ಪಿಕಳಾರಗಳಲ್ಲಿ ಹೆಣ್ಣು ಗಂಡು ನೋಡಲು ಒಂದೇ ಥರ! ಇಷ್ಟು ದಿನ ಕಾಗೆಗಳು ಎಲೆ ನೋಡಿಯೇ ಹೆಣ್ಣನ್ನು ಗುರುತಿಸುತ್ತಿದ್ದವು.

"ಏಯ್, ನೀನು ಹೆಣ್ಣೋ ಗಂಡೋ?" ಎಂದ ದಫೇದಾರ.

"ಹೇಳಿದರೆ ನಂಬ್ತೀರಾ?" ಎಂದಿತು ಒಂದು ಪಿಕಳಾರ.

"ಅವನು ಹೆಣ್ಣು," ಎಂದಿತು ಒಂದು ಕಾಗೆ.

"ಅವನು ಅಂತೀಯ, ಹೆಣ್ಣು ಅಂತೀಯ, ತಲೆ ನೆಟ್ಟಗಿದೆಯೇನೋ?" ಎಂದು ದಫೇದಾರ ಗದರಿದ.

ಗದ್ದಲ ಕೇಳಿ ಬಂದ ನವಿಲರಾಯನಿಗೆ ಸಿಟ್ಟು ನೆತ್ತಿಗೇರಿತು. "ಹೆಣ್ಣೋ ಗಂಡೋ ಕೇಳಬೇಡಿ! ಜುಟ್ಟು ಕಂಡವರನ್ನೆಲ್ಲ ಒಳಗೆ ಹಾಕಿ! ದೊಡ್ಡ ಜುಟ್ಟಿನಿಂದ ಶುರು ಮಾಡಿ!"

ಕಾಗೆಗಳು ಮುಖ ಮುಖ ನೋಡಿಕೊಂಡವು. ರಾಜನ ಅಪ್ಪಣೆಯನ್ನು ಪ್ರಶ್ನಿಸಿ ಅವಕ್ಕೆ ಅಭ್ಯಾಸವಿರಲಿಲ್ಲ. ದೊಡ್ಡ ಜುಟ್ಟು ಯಾರದು? ಸೀದಾ ಹೋಗಿ ನವಿಲರಾಯನನ್ನೇ ಹಿಡಿದವು.

"ನಾನು ರಾಜ ಕಣ್ರೋ!"

"ಕೇಳಬೇಡಿ ಅಂದಿದ್ದೀರಿ ಸ್ವಾಮಿ."

ಅವನ ಗರಿಗಳಿಗೆ ಪೊದೆಯ ಬಾಗಿಲು ಸಾಲಲಿಲ್ಲ. ಕಾಗೆಗಳು ಮುಳ್ಳು ಕಿತ್ತು ಅಗಲ ಮಾಡಿದವು. ಆ ಸಂದಿಯಿಂದ ಒಳಗಿದ್ದವರು ಒಬ್ಬೊಬ್ಬರೇ ಹೊರಬಂದರು. ಕೊನೆಗೆ ಒಂದು ರೆಕ್ಕೆ ಎಳೆಯುತ್ತಾ ಮಿಟುಕಿ. ಹೋದ ವಾರ ಹೋದ ಆ ಇಬ್ಬರು ಮಾತ್ರ ಬರಲಿಲ್ಲ.

ಒಬ್ಬ ಅಜ್ಜಿ ಪಿಕಳಾರ ಎಲೆ ತೆಗೆದಿರಲಿಲ್ಲ. "ನನಗಿದು ರೂಢಿ ಕಣ್ರೇ, ನೆತ್ತಿಗೆ ತಂಪು," ಎಂದಳು. "ಇಟ್ಕೊಳ್ಳಿ ಅಜ್ಜಿ, ಎಳೆ ಸಡಿಲವಾಗಿದೆ," ಎಂದು ತುರಾಯಿ ತಾನೇ ಬಿಗಿದು ಕೊಟ್ಟಳು.

ಕಾಗೆಗಳಿಗೆ ಈಗ ಇನ್ನೂ ಗೊಂದಲವಾಯಿತು. ಮರುದಿನ ನವಿಲರಾಯ ಪೊದೆಯಿಂದ ಬಿಡಿಸಿಕೊಂಡು ಬಂದು ಎಲೆ ಕಟ್ಟಲೇಬೇಕೆಂದು ಹೊಸ ಅಪ್ಪಣೆ ಹೊರಡಿಸಿದ. ತುರಾಯಿ ಅವತ್ತೂ ಬರಿತಲೆಯಲ್ಲೇ ತಂಗಿಗೆ ಹಣ್ಣು ತರಲು ಹೋದಳು. ಮಕ್ಕಳೇ, ಈ ಕತೆಯನ್ನು ನೀವು ಇನ್ನೊಬ್ಬರಿಗೆ ಹೇಳಿ. ಅರ್ಥವಾಗದ ಕಡೆ ಅರ್ಥವಾಗಲಿಲ್ಲ ಅಂತಲೇ ಹೇಳಿ, ಆದರೆ ಹೇಳಿ.

ನೀತಿ: ಒಬ್ಬಳ ತಲೆಯ ಮೇಲೆ ಏನಿರಬೇಕು, ಏನಿರಬಾರದು ಎಂದು ಹೇಳಬೇಕಾದವಳು ಅವಳೇ; ಇನ್ನೊಬ್ಬರ ತಲೆ ಕಾಯಲು ಹೊರಟವನಿಗೆ ತನ್ನ ತಲೆ ಕಾಣುವುದಿಲ್ಲ.