ಒಡಪಿನ ಗಂಡ

ಬಯಲುಸೀಮೆಯ ಒಂದು ಊರಿನಲ್ಲಿ ದುಂಡವ್ವ ಎಂಬ ಹೆಂಗಸಿದ್ದಳು. ಒಡಪು ಕಟ್ಟುವುದರಲ್ಲಿ ಆಕೆಯನ್ನು ಮೀರಿಸುವವರು ಸುತ್ತಲಿನ ಊರುಗಳಲ್ಲಿ ಯಾರೂ ಇರಲಿಲ್ಲ. ಒಡಪೆಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕಲ್ಲ. ಆ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಹೊಂದಿಸಿ, ಚಿಕ್ಕದೊಂದು ಪದ್ಯ ಮಾಡಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳಬೇಕು. ಮದುವೆಯಲ್ಲಿ ಹೇಳಬೇಕು, ಹೊಸ್ತಿಲು ದಾಟುವಾಗ ಹೇಳಬೇಕು, ಪಂಚಮಿಯ ಜೋಕಾಲಿ ಹತ್ತುವಾಗಲೂ ಹೇಳಬೇಕು. ಹೇಳದಿದ್ದರೆ ಹೆಂಗಸರು ಬಿಡುವುದಿಲ್ಲ.

ದುಂಡವ್ವನ ಒಡಪುಗಳಲ್ಲಿ ಬರುವ ಗಂಡಂದಿರು ಎಂಥವರು ಅಂತೀರಿ. ಒಬ್ಬನೂ ಹೂವು ತಾರದೆ ಮನೆಗೆ ಬಂದವನಲ್ಲ. ಒಬ್ಬನೂ ಗೊರಕೆ ಹೊಡೆದವನಲ್ಲ. ಉಣ್ಣುವ ತಾಟು ಬೆಳ್ಳಿಯದು, ತೂಗುವ ಜೋಕಾಲಿಯೂ ಬೆಳ್ಳಿಯದೇ. ಊರಿನ ಹುಡುಗಿಯರು ಇವನ್ನು ಕೇಳುತ್ತಲೇ ಬೆಳೆದರು. ತಮ್ಮ ಮದುವೆಗೆ ಒಂದೊಂದು ಕಟ್ಟಿಸಿಕೊಂಡು ಬಾಯಿಪಾಠ ಮಾಡಿಕೊಂಡರು.

ಹಾಗೆ ಕಟ್ಟಿಸಿಕೊಂಡವರಲ್ಲಿ ಸಾವಂತ್ರಿಯೂ ಒಬ್ಬಳು. ದುಂಡವ್ವನ ತಂಗಿಯ ಮಗಳು. ಅವಳನ್ನು ಪಕ್ಕದೂರಿನ ನೇಕಾರ ರಾಚಪ್ಪನಿಗೆ ಕೊಟ್ಟಿದ್ದರು. ರಾಚಪ್ಪ ಬೆಳಕು ಹರಿದರೆ ಮಗ್ಗದ ಕುಣಿಗೆ ಇಳಿಯುವನು, ದೀಪ ಹಚ್ಚುವ ಹೊತ್ತಿಗೆ ಮೇಲೇಳುವನು. ಊಟಕ್ಕೆ ಕುಳಿತರೆ ‘ಹಾಕು’ ಮತ್ತು ‘ಸಾಕು’, ಅಷ್ಟೇ ಮಾತು. ಸಾವಂತ್ರಿ ಮೂಲೆಯಲ್ಲಿ ರಾಟಿ ಇಟ್ಟುಕೊಂಡು ಅವನ ಲಾಳಿಗೆ ನೂಲು ಸುತ್ತಿಕೊಡುವಳು. ಇವತ್ತು ಹೂವು ತಂದಾನು, ನಾಳೆ ಒಂದು ಸಿಹಿ ಮಾತಾಡಿಯಾನು ಎಂದು ಕಾದಳು. ಹೂವೂ ಬರಲಿಲ್ಲ, ಮಾತೂ ಬರಲಿಲ್ಲ. ಶ್ರಾವಣ ಮಾತ್ರ ಬಂತು, ಅವಳು ಪಂಚಮಿಗೆಂದು ತವರಿಗೆ ಬಂದಳು.

ಪಂಚಮಿಯ ದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೊಸದಾಗಿ ಮದುವೆಯಾದವರೆಲ್ಲ ಅಲ್ಲಿ ಸೇರಿದ್ದರು. ಮೊದಲು ಬಂದವಳು ಸಾವಂತ್ರಿಯ ಗೆಳತಿ ಗಂಗಿ. ಹೆಸರು ಹೇಳದೆ ಹತ್ತಗೊಡುವುದಿಲ್ಲ ಎಂದು ಹೆಂಗಸರು ಹಗ್ಗ ಹಿಡಿದು ನಿಂತರು. ಗಂಗಿ ಸೆರಗು ಸರಿಮಾಡಿಕೊಂಡು ಹೇಳಿದಳು:

“ಸಂಜಿಯಾದ್ರ ತರತಾರ ಮಾರುದ್ದ ಮಲ್ಲಿಗಿ,
ಮಾರ್ತಾಂಡಪ್ಪನವರು ಬರತಾರ ನಾ ಹೋದಲ್ಲಿಗಿ.”

ಸಾವಂತ್ರಿಗೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಂತಾಯಿತು. ಗಂಗಿಯ ಪುಣ್ಯ ದೊಡ್ಡದು, ತನ್ನ ಹಣೆಬರಹವೇ ಇಷ್ಟು ಅಂದುಕೊಂಡಳು. ಅಷ್ಟರಲ್ಲಿ ಅವಳ ಸರದಿ ಬಂತು. ಮದುವೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು:

“ಅಂಗಳಕ ಹಾಕಿನಿ ಮುತ್ತಿನ ರಂಗೋಲಿ,
ಅವರು ತೂಗತಾರ ನನಗ ಬೆಳ್ಳಿ ಜೋಕಾಲಿ,
ರಾಚಪ್ಪನವರ ಹೆಸರು ನನ್ನ ಎದಿಯಾಗಿರಲಿ.”

ಎಲ್ಲರೂ ಭೇಷ್ ಅಂದರು. ಸಾವಂತ್ರಿ ಮಾತ್ರ ಜೋಕಾಲಿಯಿಂದ ಬೇಗ ಇಳಿದು, ತಲೆನೋವೆಂದು ಸುಳ್ಳು ಹೇಳಿ, ನೇರ ದುಂಡವ್ವನ ಮನೆಗೆ ನಡೆದಳು. ಒಡಪು ಹೇಳಿದ ಬಾಯಲ್ಲೇ ಅಳು ಬರುತ್ತಿತ್ತು.

ದುಂಡವ್ವ ಎಳ್ಳುಂಡಿ ಕಟ್ಟುತ್ತ ಕುಳಿತಿದ್ದಳು.

“ದೊಡ್ಡವ್ವ, ನಾಳೆ ಅವರು ಕರಿಯಾಕ ಬರ್ತಾರ. ನಾ ಹೋಗಾಂಗಿಲ್ಲ,” ಎಂದಳು ಸಾವಂತ್ರಿ.

ದುಂಡವ್ವ ಕೈ ತೊಳೆದುಕೊಂಡು ಬಂದು ಎದುರಿಗೆ ಕುಳಿತಳು. “ಕೈ ಎತ್ತತಾನೇನು?”

“ಇಲ್ಲ.”

“ಕುಡೀತಾನೇನು? ಹೊಟ್ಟಿಗಿ ಕಡಿಮಿ ಮಾಡ್ಯಾರೇನು? ಅತ್ತಿ ಏನರ ಅಂತಾಳೇನು?”

“ಇಲ್ಲ ದೊಡ್ಡವ್ವ, ಹಂತಾದ್ದೇನಿಲ್ಲ.”

“ಇದ್ರ ಈಗ ಹೇಳು. ಹಂತಾದ್ದಿದ್ರ ನಾ ನಿನ್ನ ಕಳಸಾಕಿ ಅಲ್ಲ. ನಾಳೆ ಅವನ್ನ ಬಾಗಲಾಗಿಂದನ ಹೊಳ್ಳಿ ಕಳಸ್ತೀನಿ.”

“ಖರೇನ ಇಲ್ಲ,” ಎಂದು ಸಾವಂತ್ರಿ ಮೂಗು ಒರೆಸಿಕೊಂಡಳು. “ಆದ್ರ ಗಂಗಿ ಗಂಡನಂಗ ಹೂವಾ ತರಾಂಗಿಲ್ಲ. ಹಿಂದಿಂದ ಬರಾಂಗಿಲ್ಲ. ಊರಾಗ ಎಲ್ಲಾರೂ ಸುಖದಾಗ ಅದಾರ, ನಾ ಒಬ್ಬಾಕಿನ ಹಿಂಗ.”

ದುಂಡವ್ವನಿಗೆ ನಗು ತಡೆಯಲಾಗಲಿಲ್ಲ. ಹುಡುಗಿ ಅಳುತ್ತಿರುವಾಗ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ಹೆಗಲು ಕುಣಿಯುತ್ತಿತ್ತು.

“ಮುಂಜಾನಿ ಗಂಗಿ ನೀ ಕುಂತ ಜಾಗಾದಾಗನ ಕುಂತು ಅತ್ತು ಹೋದ್ಲು,” ಎಂದಳು. “ಸಾವಂತ್ರಿ ಗಂಡ ಆಕಿನ್ನ ಬೆಳ್ಳಿ ಜೋಕಾಲ್ಯಾಗ ಕುಂದ್ರಿಸಿ ತೂಗತಾನಂತ, ನನ್ನ ಗಂಡ ಉಂಡಕೂಡ್ಲೆ ಗೊರಕಿ ಹೊಡೀತಾನಂತ.”

ಸಾವಂತ್ರಿ ಬಾಯಿ ತೆರೆದುಕೊಂಡು ನೋಡಿದಳು. “ಮತ್ತ ಆಕಿ ಒಡಪಿನಾಗ ಮಲ್ಲಿಗಿ?”

“ಆಕಿ ಒಡಪು ಕಟ್ಟಿದಾಕಿ ಯಾರು?”

“ನೀನ.”

“ನಿಂದು?”

“ಅದೂ ನೀನ.”

“ಬೆಳ್ಳಿ ಜೋಕಾಲಿ ನಿನ್ನ ಮನ್ಯಾಗ ಐತೇನು?”

“ಇಲ್ಲ.”

“ನಿನ್ನ ಮನ್ಯಾಗ ಇಲ್ಲದ ಜೋಕಾಲಿ ನಿನ್ನ ಒಡಪಿನಾಗಿದ್ರ, ಗಂಗಿ ಮನ್ಯಾಗ ಇಲ್ಲದ ಮಲ್ಲಿಗಿ ಆಕಿ ಒಡಪಿನಾಗ ಇರಬಾರದೇನು?”

ಇಷ್ಟು ಸಣ್ಣ ವಿಷಯ ತನಗೇಕೆ ಹೊಳೆಯಲಿಲ್ಲ ಎಂದು ಸಾವಂತ್ರಿಗೆ ನಾಚಿಕೆಯಾಯಿತು. ತಾನು ಹೇಳುವುದು ಬರೀ ಪದ್ಯವೆಂದು ಗೊತ್ತಿತ್ತು. ಉಳಿದವರು ಹೇಳುವುದೆಲ್ಲ ನಿಜವೆಂದು ನಂಬಿದ್ದಳು. ಊರಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯರೆಲ್ಲ ಹೀಗೇ ಒಬ್ಬರ ಒಡಪು ಕೇಳಿ ಇನ್ನೊಬ್ಬರು ಕೊರಗುತ್ತಿದ್ದರು. ಅವಳು ಕಣ್ಣೊರೆಸಿಕೊಂಡಳು.

“ಹಂಗಾರ ನೀ ಯಾಕ ಹಂಗ ಕಟ್ಟತೀ ದೊಡ್ಡವ್ವ?”

“ನಿಮ್ಮ ದೊಡ್ಡಪ್ಪ ಇಷ್ಟ ವರ್ಷದಾಗ ಒಂದ ಮೊಳ ಹೂವಾ ತಂದಿಲ್ಲ,” ಎಂದಳು ದುಂಡವ್ವ. “ತಂದಿದ್ರ ನನ್ನ ಒಡಪಿನಾಗ ಹೂವಾ ಯಾಕ ಬರ್ತಿತ್ತು? ಮನ್ಯಾಗ ಇದ್ದದ್ದನ್ನ ಯಾರ ಹಾಡತಾರವ್ವ. ಇಲ್ಲದ್ದನ್ನ ಹಾಡಿ ಆಸಿ ತೀರಿಸಿಕೊಂಡೆ.”

“ಅಂದ್ರ ನಿನಗ ಸುಖ ಇರಲಿಲ್ಲೇನು?”

“ಯಾರ ಹೇಳಿದ್ರು?” ದುಂಡವ್ವನಿಗೆ ಸ್ವಲ್ಪ ಸಿಟ್ಟೇ ಬಂತು. “ನಾ ಜ್ವರ ಬಂದು ಮಲಗಿದಾಗ ಅವರು ಒಲಿ ಮುಂದ ಕುಂತು ನುಚ್ಚು ಮಾಡಿ ಉಣಿಸ್ಯಾರ. ತಳಾ ಹೊತ್ತಿತ್ತು, ಉಪ್ಪೂ ಮರತಿದ್ರು. ಅಷ್ಟ ರುಚಿ ನುಚ್ಚು ನಾ ಮತ್ತ ಉಂಡಿಲ್ಲ. ಹೊತ್ತಿದ ನುಚ್ಚು ಒಡಪಿನಾಗ ಹಾಕಿದ್ರ ಮಂದಿ ನಗತಾರ ಅಂತ ಬಿಟ್ಟೆ. ನಿನ್ನ ಗಂಡ ಏನ ಮಾಡ್ಯಾನ, ನೆನಸಿ ನೋಡು.”

ಸಾವಂತ್ರಿ ನೆನೆಸಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಮೂಲ್ಯಾಗ ಕತ್ತಲ, ನೂಲ ಕಾಣಾಂಗಿಲ್ಲ, ಕಣ್ಣ ಉರೀತಾವ ಅಂದಿದ್ದೆ. ಮರುದಿನ ಎದ್ದು ನೋಡ್ತೀನಿ, ನನ್ನ ರಾಟಿ ಮುಂದಿನ ಗ್ವಾಡಿ ಒಡೀಲಿಕ್ಕೆ ಹತ್ಯಾರ. ಸಣ್ಣ ಕಿಡಕಿ ಇಟ್ರು.”

“ಏನಂದ?”

“ಏನೂ ಅನ್ನಲಿಲ್ಲ. ಮಗ್ಗಕ್ಕ ಹೋಗಿ ಕುಂತ್ರು.”

“ಇಷ್ಟ ಒಡಪು ಕಟ್ಟೀನಿ, ಒಂದರಾಗೂ ಕಿಡಕಿ ಹಾಕಿಲ್ಲ ನೋಡು,” ಎಂದಳು ದುಂಡವ್ವ. ಅವಳ ದನಿಯಲ್ಲಿ ಮೆಚ್ಚುಗೆಯೂ ಇತ್ತು, ಹೊಟ್ಟೆಕಿಚ್ಚೂ ತುಸು ಇತ್ತು.

ಮರುದಿನ ರಾಚಪ್ಪ ಬಂದ. ಎಂದಿನಂತೆ ಮಾತಿಲ್ಲದೆ ಉಂಡ. ಸಾವಂತ್ರಿ ತಾನಾಗಿಯೇ ಬುತ್ತಿಗಂಟು ಎತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಆ ಮೌನ ಅವಳಿಗೆ ಮೊದಲಿನಂತೆ ಚುಚ್ಚಲಿಲ್ಲ.

ಗಂಡನ ಮನೆಯ ಬಾಗಿಲಲ್ಲಿ ಓಣಿಯ ಹೆಂಗಸರು ಕಾದು ನಿಂತಿದ್ದರು. ಅವಳ ಅತ್ತೆಯೇ ಮುಂದೆ ನಿಂತು, “ಹೆಸರು ಹೇಳಿ ಒಳಗ ಬಾ,” ಎಂದಳು. ಸಾವಂತ್ರಿ ರಂಗೋಲಿಯ ಒಡಪು ಶುರುಮಾಡಿದಳು. ಅರ್ಧಕ್ಕೇ ನಿಲ್ಲಿಸಿದಳು. ಬಾಯಿಪಾಠ ಮರೆತುಹೋಯಿತೆಂದು ಹೆಂಗಸರು ಮುಸಿಮುಸಿ ನಕ್ಕರು. ಅವಳು ಮರೆತಿರಲಿಲ್ಲ, ತಾನೇ ಹೊಸದನ್ನು ಕಟ್ಟುತ್ತಿದ್ದಳು:

“ಗ್ವಾಡಿ ಒಡದು ಇಟ್ಟಾರ ಬೆಳಕಿಗೊಂದು ಕಿಡಕಿ,
ಮಾತು ಬೇಕಂದ್ರ ಸಿಗೂದಿಲ್ಲ ಎಷ್ಟ ಹುಡಕಿ,
ರಾಚಪ್ಪನವರು ಶಾಂತ, ನಾನ ಸ್ವಲ್ಪ ಸಿಡುಕಿ.”

ಇಂಥ ಒಡಪನ್ನು ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರಿಗಿಂತ ಮೊದಲು ಅತ್ತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಳಿದ ಹೆಂಗಸರೂ ನಕ್ಕರು. ಒಬ್ಬಾಕೆ ನಗುತ್ತಲೇ, ತನ್ನ ಗಂಡನೂ ಹೀಗೇ, ಸೋರುವ ಮಾಳಿಗೆ ಸರಿಮಾಡುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ ಎಂದಳು. ತನ್ನ ಗಂಡನೂ ಅಷ್ಟೇ ಎಂದಳು ಇನ್ನೊಬ್ಬಳು. ಹಾಗೆ ಹೇಳಿಕೊಂಡಮೇಲೆ ಎಲ್ಲರ ಮುಖವೂ ಹಗುರಾಗಿತ್ತು.

“ಈಗ ನೀ ಹೇಳೋ ರಾಚಪ್ಪ, ಹೆಂಡ್ತಿ ಹೆಸರು ಹೇಳಲಾರದ ಬಿಡಾಂಗಿಲ್ಲ,” ಎಂದು ಅವರು ಅವನ ಕಡೆ ತಿರುಗಿದರು.

ರಾಚಪ್ಪ ಕಿವಿ ಕೆರೆದುಕೊಂಡ. ಮೇಲೆ ನೋಡಿದ, ಕೆಳಗೆ ನೋಡಿದ. ಪ್ರಾಸ ಅವನ ಹತ್ತಿರ ಸುಳಿಯಲಿಲ್ಲ.

“ಸಾವಂತ್ರಿ ನಡದು ದಣದಾಳ,” ಎಂದ. “ಒಳಗ ಬಿಡ್ರಿ.”

ನೀತಿ: ಕಥೆಯಲ್ಲಿ, ಹಾಡಿನಲ್ಲಿ ಬರುವ ಸಂಸಾರ ಹೆಚ್ಚಾಗಿ ಕಟ್ಟಿದವರ ಆಸೆ, ಅವರ ಮನೆಯ ಸುದ್ದಿಯಲ್ಲ. ಕೇಳಿ ಸಂತೋಷಪಡಿರಿ, ಆದರೆ ಅದನ್ನು ಅಳತೆಗೋಲು ಮಾಡಿಕೊಂಡು ನಿಮ್ಮ ಸಂಸಾರವನ್ನು ಅಳೆಯಬೇಡಿರಿ. ನಿಮ್ಮ ಮನೆಯಲ್ಲಿ ಇರುವ ಪ್ರೀತಿ ಯಾವ ಪದ್ಯದಲ್ಲೂ ಬಂದಿರಲಿಕ್ಕಿಲ್ಲ, ಅದನ್ನು ನೀವೇ ಕಣ್ಣಿಟ್ಟು ನೋಡಬೇಕು.