ಮಂಟಪದ ಎದುರು ಅಂಗಡಿ

ಹೆಂಡತಿ ಹೋಗಿ ವರ್ಷವಾಯಿತು. ಇಬ್ಬರೂ ಸೇರಿ ಕೊಂಡ ಸೈಟಿನಲ್ಲಿ ಒಂದು ಸಣ್ಣ ಮನೆ ಕಟ್ಟೋಣ ಅಂತಿದ್ದೆ. ಅಷ್ಟರಲ್ಲಿ ಸುದ್ದಿ ಬಂತು. ಬರೀ ವಾಸಕ್ಕೆ ಮೀಸಲಾಗಿದ್ದ ಆ ಬೀದಿಯಲ್ಲಿ ಇನ್ನು ವ್ಯಾಪಾರಕ್ಕೂ ಅನುಮತಿಯಂತೆ. ನನ್ನ ಸೈಟಿನ ಎದುರಿಗೇ ತೋಟಪ್ಪ ಅನ್ನುವವರು ಕಲ್ಯಾಣ ಮಂಟಪ ಕಟ್ಟಿಸುತ್ತಾರಂತೆ. ಆಕ್ಷೇಪಣೆ ಕೇಳುವ ದಿನ ಪುರಸಭೆಗೆ ಹೋದೆ.

"ದಿನಾ ಬ್ಯಾಂಡು, ಜನರೇಟರು. ಮಲಗೋದು ಹೇಗೆ ಸ್ವಾಮಿ?" ಅಂದೆ.

ಅಧಿಕಾರಿಯ ಪಕ್ಕ ಕೂತಿದ್ದ ತೋಟಪ್ಪನವರು ನಕ್ಕರು. "ಮಂಗಳಕಾರ್ಯ ಯಜಮಾನ್ರೇ. ಬೇಕಾದರೆ ನೀವೂ ಒಂದು ಅಂಗಡಿ ಹಾಕಿ."

"ಯಾವ ಅಂಗಡಿಯಾದರೂ ಹಾಕಬಹುದಾ?" ಅಂತ ಅಧಿಕಾರಿಯನ್ನು ಕೇಳಿದೆ.

"ಧಾರಾಳವಾಗಿ," ಅಂದರು.

"ಹಾಗಾದರೆ ಬರಕೊಳ್ಳಿ. ಚಟ್ಟದ ಬಿದಿರು, ಮಡಕೆ, ಬಿಳಿ ಬಟ್ಟೆ. ಅವಳು ಹೋದ ದಿನ ಇವಕ್ಕೆ ಊರೆಲ್ಲ ಅಲೆದಿದ್ದೆ. ಒಂದೇ ಕಡೆ ಸಿಗಲಿ. ಬಿದಿರು ಉದ್ದ, ಹೊರಗೇ ನಿಲ್ಲಿಸಬೇಕಾಗುತ್ತೆ."

ತೋಟಪ್ಪನವರ ನಗು ನಿಂತಿತು. "ಮದುಮಕ್ಕಳು ಕಾರಿಂದ ಇಳಿಯೋದು ಅಲ್ಲೇ ಅಲ್ಲವೇನ್ರೀ?"

"ಮುಹೂರ್ತದ ದಿನ ಬಾಗಿಲು ಹಾಕೋಣ ಅಂದರೆ, ಸಾಯೋರು ಪಂಚಾಂಗ ನೋಡಲ್ಲ ಸ್ವಾಮಿ."

ತೋಟಪ್ಪನವರು ಮೇಜಿನ ಮೇಲಿದ್ದ ಮಂಟಪದ ನಕ್ಷೆಯನ್ನು ಸುತ್ತಿಕೊಂಡರು. ಆಮೇಲೆ ಅಧಿಕಾರಿಗೆ, "ಆ ಬೀದಿ ವಾಸಕ್ಕೇ ಇರಲಿ ಬಿಡಿ. ನಾನು ಬೇರೆ ಕಡೆ ನೋಡ್ತೀನಿ," ಅಂದರು.

ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದರು, "ನಿಜವಾಗ್ಲೂ ಹಾಕ್ತಿದ್ರಾ?"

"ಒಂದು ಮನೆ ಕಟ್ಟೋಕೇ ನನ್ನಲ್ಲಿ ಶಕ್ತಿ ಉಳಿದಿಲ್ಲ ಸ್ವಾಮಿ," ಅಂದೆ. "ಅಂಗಡಿ ಎಲ್ಲಿಂದ ಹಾಕಲಿ?"