ತಿಪ್ಪ ಊರಿನ ಒಪ್ಪಿಗೆ ಕೇಳಿದ್ದು

ಮಾದವ್ವನಿಗೆ ಒಬ್ಬನೇ ಮಗ, ತಿಪ್ಪ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ. ಅಪ್ಪ ಸತ್ತ ಮೇಲೆ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡೋ ನೀರಗಂಟಿ ಕೆಲಸ ಇವನ ತಲೆಗೇ ಬಿತ್ತು. "ಶಿವನೇ, ಇನ್ನು ಊರನ್ನ ನೀನೇ ಕಾಯಪ್ಪ!" ಅಂದಳು ಮಾದವ್ವ.

ಮೊದಲ ದಿನವೇ ಪಟೇಲ ಚೆಲುವೇಗೌಡರು "ಎತ್ತೋ ತೂಬು!" ಅಂದರು. ಎತ್ತಿದ. ಕಾಲುವೆಯಲ್ಲಿ ಒಗೆಯುತ್ತಿದ್ದ ಮಡಿವಾಳರ ಬಟ್ಟೆ ಗಂಟು ಗಂಟೇ ತೇಲಿಹೋಯಿತು.

"ಲೋ ದಡ್ಡ! ಒಬ್ಬರ ಮಾತು ಕೇಳಿ ಕೆಡಬೇಡ. ನಾಲ್ಕು ಜನರನ್ನ ಕೇಳಿ ಮಾಡು!" ಅಂದಳು ಮಾದವ್ವ.

"ಹೂಂ ಕಣವ್ವ!"

ಮರುದಿನ ತಿಪ್ಪ ದಾರಿಯಲ್ಲಿ ಕೂತ. ಪರವೂರಿನ ಬಳೆಗಾರ ಬಂದ, ಒಂದು. ಅವನ ಹೆಂಡತಿ, ಎರಡು. ದಾಸಯ್ಯ, ಮೂರು. ತೂರಾಡುತ್ತ ಬಂದ ಕುಡುಕ, ನಾಲ್ಕು.

"ತೂಬು ಎತ್ತಲಾ?"

"ನಮಗೇನಯ್ಯ, ಎತ್ತು!"

ಎತ್ತಿದ. ಕುಂಬಾರ ಗುರುವಯ್ಯ ಕಾಲುವೆ ಪಕ್ಕ ಒಣಗಲಿಟ್ಟಿದ್ದ ಹಸಿ ಮಡಕೆಯೆಲ್ಲ ಕರಗಿ ಮತ್ತೆ ಮಣ್ಣಾಯಿತು.

"ಅಯ್ಯೋ ಮುಂಡೇದೇ! ದಾರಿಹೋಕರಿಗೇನು ಗೊತ್ತು? ನೀರು ನಂಬಿ ಬದುಕೋರನ್ನ ಕೇಳೋ!"

"ಹೂಂ ಕಣವ್ವ!"

ಕೆರೆಗೆ ಹೋದ. "ನೀರು ಬಿಡಲಾ?" ಅಂತ ಮೀನನ್ನ ಕೇಳಿದ. ಮೀನು ಮಾತಾಡಲಿಲ್ಲ. ಕಪ್ಪೆಯನ್ನ ಕೇಳಿದ. "ವಟ! ವಟ!" ಅಂದು ಮುಳುಗಿತು. "ಓ, ಬೇಡವಂತೆ!" ಅಂದುಕೊಂಡು ಎಂಟು ದಿನ ತೂಬು ಮುಟ್ಟಲಿಲ್ಲ. ಪೈರು ಬಾಡಿತು, ಊರು ಬಾಗಿಲಿಗೆ ಬಂತು.

ಮಾದವ್ವ ಪೊರಕೆ ಎತ್ತಿದಳು. "ಕಪ್ಪೆಯನ್ನಲ್ಲವೋ, ಊರವರನ್ನ ಸೇರಿಸೋ! ಒಪ್ಪಿದವರು ಕೈ ಎತ್ತಲಿ. ಎಲ್ಲರ ಕೈಯೂ ಮೇಲೆ ಬರೋ ತನಕ ಏನೂ ಮಾಡಗೊಡಬೇಡ!"

"ಹೂಂ ಕಣವ್ವ!"

ಕೆರೆ ಏರಿ ಮೇಲೆ ಊರು ಸೇರಿತು. "ಮೊದಲು ನಮಗೆ!" ಅಂದರು ಕೆಳಗದ್ದೆಯವರು. "ಬಟ್ಟೆ ಒಗೆದಾದ ಮೇಲೆ!" ಅಂದರು ಮಡಿವಾಳರು. "ನನ್ನ ಮಡಕೆ ಒಣಗಲಿ!" ಅಂದ ಗುರುವಯ್ಯ. ಗೌಡರು ಎದ್ದರು.

"ಇವರನ್ನೆಲ್ಲ ಏನೋ ಕೇಳೋದು? ನಾನಿಲ್ಲವಾ!"

ತಾವೇ ಹೋಗಿ ತೂಬು ಎಳೆದರು. ನೀರು ನುಗ್ಗಿತು, ಕಾಲು ಜಾರಿತು, ಗೌಡರು ದೊಪ್ಪನೆ ಕಾಲುವೆಗೆ ಬಿದ್ದರು.

"ಹಗ್ಗ! ಹಗ್ಗ!" ಯಾರೋ ಎಸೆದರು, ಗೌಡರು ಹಿಡಿದರು. ಜಗಳ ಮರೆತು ಇಡೀ ಊರು ಹಗ್ಗಕ್ಕೆ ಕೈ ಹಚ್ಚಿತು. "ಐಸಾ!" ಅಂತ ಎಳೆದರೆ ಇನ್ನೇನು ಗೌಡರು ದಡಕ್ಕೆ ಬಂದೇಬಿಡಬೇಕು, ತಿಪ್ಪ ಓಡಿಬಂದು ಅಡ್ಡ ನಿಂತ.

"ನಿಲ್ಲೀ! ಗೌಡರನ್ನ ಮೇಲೆತ್ತೋಕೆ ಎಲ್ಲರೂ ಒಪ್ಪಿದ್ದೀರಾ? ಒಪ್ಪಿದವರು ಕೈ ಎತ್ತಿ!"

ಮಡಿವಾಳರು ಗುರುವಯ್ಯನ ಮುಖ ನೋಡಿದರು. ಗುರುವಯ್ಯ ಕೆಳಗದ್ದೆಯವರ ಮುಖ ನೋಡಿದ. ಆಮೇಲೆ ಅಷ್ಟೂ ಜನ ಒಟ್ಟಿಗೇ ಕೈ ಎತ್ತಿದರು.

ಗೌಡರು ಹಗ್ಗದ ಸಮೇತ ಪಕ್ಕದೂರಿನ ಗದ್ದೆಗೆ ಹೋಗಿ ಕೆಸರಲ್ಲಿ ಹೂತುಕೊಂಡರು.

ತಿಪ್ಪ ಕುಣಿಯುತ್ತ ಮನೆಗೆ ಬಂದ. "ಅವ್ವಾ, ಎಲ್ಲರೂ ಒಪ್ಪಿದರು ಕಣವ್ವ! ಒಂದೊಂದಲ್ಲ, ಎರಡೆರಡು ಕೈ ಎತ್ತಿದರು!"